ನನ್ನ ನಂಬರನ್ನು ಬೇರೆಯವರು ಕೂಗಿದ ದಿನ

1972ನೇ ಇಸವಿ. ದೀಪಾವಳಿ ಕಳೆದು ಎರಡು ವಾರವಾಗಿತ್ತು. ಮದುವೆಯಾಗಿ ಬ್ರಹ್ಮಾವರದ ಹತ್ತಿರದ ನಮ್ಮೂರಿನಿಂದ ಮುಂಬಯಿಗೆ ಬಂದು ನನಗೆ ಎಂಟು ತಿಂಗಳು. ವಿಲೆ ಪಾರ್ಲೆಯ ಒಂದು ಚಾಳಿನಲ್ಲಿ ಒಂದೇ ಕೋಣೆಯ ಸಂಸಾರ. ನನ್ನವರು ಫೋರ್ಟ್ ಕಡೆ ಒಂದು ಆಫೀಸಿನಲ್ಲಿ ಗುಮಾಸ್ತರು.

ಅವರಿಗೆ ಒಂದು ಹುಚ್ಚಿತ್ತು. ತಿಂಗಳಿಗೊಂದು ಭಾನುವಾರ ಒಂದು ಹೈಕಿಂಗ್ ಕ್ಲಬ್ಬಿನವರ ಜೊತೆ ಗುಡ್ಡ ಹತ್ತಲು ಹೋಗುವುದು. ಬೆಳಿಗ್ಗೆ ಹೋದರೆ ಸಂಜೆ ಬರುವುದು. ಗುಡ್ಡ ಹತ್ತುವುದಕ್ಕೂ ಒಂದು ಕ್ಲಬ್ಬು, ಅದಕ್ಕೊಬ್ಬ ಲೀಡರು ಎಂದರೆ ನನಗೆ ನಗು ಬರುತ್ತಿತ್ತು. ಆದರೆ ಆ ಭಾನುವಾರಗಳಲ್ಲಿ ಇಡೀ ದಿನ ಒಬ್ಬಳೇ ಕೋಣೆಯಲ್ಲಿ ಕುಳಿತು ನಲ್ಲಿಯ ನೀರು ಕಾಯುವುದು ಸಾಕಾಗಿ, ನನ್ನನ್ನೂ ಕರೆದುಕೊಂಡು ಹೋಗಿ ಎಂದು ಹಟ ಹಿಡಿದೆ.

“ನಿನ್ನಿಂದ ಆಗ್ಲಿಕ್ಕಿಲ್ಲ. ಎಂಟು ಹತ್ತು ಮೈಲು ನಡೀಬೇಕು” ಎಂದರು.

“ನಾನು ಸೊಪ್ಪಿನ ಹೊರೆ ಹೊತ್ತುಕೊಂಡು ಗುಡ್ಡ ಇಳಿದವಳು. ನೀವು ನೀರಿನ ಬಾಟ್ಲಿ ಹಿಡ್ಕೊಂಡು ಹೋಗುದು ಅಷ್ಟೇ ಅಲ್ವಾ?” ಎಂದೆ. ನಕ್ಕು ಒಪ್ಪಿಕೊಂಡರು.

ಆ ಸಲ ಭಾಂಡುಪ್ ಕಡೆಯಿಂದ ಗುಡ್ಡ ಹತ್ತಿ, ಕಾಡಿನೊಳಗೆ ನಡೆದು, ಗುಹೆಗಳನ್ನು ನೋಡಿ, ಆ ಬದಿಯಲ್ಲಿ ಬೊರಿವಲಿಗೆ ಇಳಿಯುವುದು ಎಂದಾಗಿತ್ತು. ದಾದರಿನಲ್ಲಿ ಲೈನು ಬದಲಿಸಿ ಭಾಂಡುಪಿನಲ್ಲಿ ಇಳಿದಾಗ ಏಳು ಗಂಟೆಯೂ ಆಗಿರಲಿಲ್ಲ. ಸ್ಟೇಶನ್ನಿನ ಹೊರಗೆ ಎಲ್ಲರೂ ಸಾಲಾಗಿ ನಿಂತರು. ಲೀಡರ್ ಸಾವಂತ್ ಎಂಬವರು ಕಾಕಿ ಚಡ್ಡಿ ಹಾಕಿ, ಕೊರಳಿಗೆ ಸೀಟಿ ಕಟ್ಟಿಕೊಂಡಿದ್ದರು. ಆ ಕ್ಲಬ್ಬಿನ ಪದ್ಧತಿಯೇನೆಂದರೆ, ಹೊರಡುವಾಗ ನಿಂತ ಸಾಲಿನ ಪ್ರಕಾರ ಒಬ್ಬೊಬ್ಬರಿಗೆ ಒಂದು ನಂಬರು. ದಿನವಿಡೀ ಅದೇ ನಂಬರು. ಎಲ್ಲಿ ನಿಂತು ಹೊರಟರೂ ಲೀಡರು ಸೀಟಿ ಊದಬೇಕು, ಎಲ್ಲರೂ ತಮ್ಮ ತಮ್ಮ ನಂಬರನ್ನು ಮರಾಠಿಯಲ್ಲಿ ಕೂಗಬೇಕು. “ಆರು ವರ್ಷ ಆಯಿತು, ನನ್ನ ಕೈಕೆಳಗೆ ಒಬ್ಬನೂ ತಪ್ಪಿಸಿಕೊಂಡಿಲ್ಲ” ಎಂದು ಸಾವಂತರು ಎದೆ ತಟ್ಟಿಕೊಂಡರು. ಕಾಡಿನಲ್ಲಿ ಚಿರತೆ ಇದೆ, ಹುಷಾರು ಎಂದು ಹೆಂಗಸರ ಕಡೆ ನೋಡಿ ನಕ್ಕರು.

ನನ್ನವರು ಆಫೀಸಿನ ಗೆಳೆಯರ ಜೊತೆ ಮುಂದೆ ನಿಂತಿದ್ದರು, ಅವರದು ಐದು. ನಾವು ಹೆಂಗಸರು ನಾಲ್ಕು ಜನ ಹಿಂದೆ. ನನ್ನ ಪಕ್ಕದಲ್ಲಿ ಧಾರವಾಡ ಕಡೆಯ ನಳಿನಿಬಾಯಿ, ಸಾಂತಾಕ್ರೂಜ್‌ನಲ್ಲಿ ಟೀಚರು, ಹದಿನಾಲ್ಕು. ನಾನು ಹದಿನೈದು. “ತೇರಾ”, “ಚೌದಾ” ಎಂದು ಕೂಗು ಬಂದು ನನ್ನ ಹತ್ತಿರ ನಿಂತುಬಿಟ್ಟಿತು. ಎಲ್ಲರೂ ತಿರುಗಿ ನೋಡಿದರು. ಅಷ್ಟು ಗಂಡಸರ ಮುಂದೆ ನನ್ನ ಬಾಯಿಯೇ ಏಳಲಿಲ್ಲ. ಮರಾಠಿಯ ಹದಿನೈದು ನನಗೆ ಗೊತ್ತೂ ಇರಲಿಲ್ಲ. ಯಾರೋ ಕಿಸಕ್ಕೆಂದು ನಕ್ಕರು.

“ಅಯ್ಯ, ಹೊಸಾ ಹುಡುಗಿ, ನಾಚ್ಕೋತಾಳ. ನಾ ಹೇಳ್ತೀನಿ ಬಿಡ್ರಿ ಆಕೀದು” ಎಂದ ನಳಿನಿಬಾಯಿ “ಪಂಧರಾ!” ಎಂದು ಕೂಗಿದರು. ಸಾವಂತರು “ಚಾಲೇಲ್”, ನಡೆಯುತ್ತದೆ, ಎಂದು ತಲೆಯಾಡಿಸಿದರು. ನನ್ನವರ ಮುಖ ನೋಡಿದೆ. ಪೀಡೆ ತೊಲಗಿತು ಎನ್ನುವ ಹಾಗೆ ಉಸಿರು ಬಿಟ್ಟರು. ಸುಳ್ಳು ಯಾಕೆ ಹೇಳಲಿ, ನನಗೂ ಆಗ ನೆಮ್ಮದಿಯೇ ಆಯಿತು.

ಆಮೇಲೆ ಗುಡ್ಡದ ನೆತ್ತಿಯಲ್ಲಿ ಒಮ್ಮೆ, ಕೆರೆ ಕಾಣುವ ಬಂಡೆಯ ಮೇಲೆ ಒಮ್ಮೆ ಸೀಟಿಯಾಯಿತು. ಎರಡು ಸಲವೂ ನಳಿನಿಬಾಯಿ “ಚೌದಾ, ಪಂಧರಾ” ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಎರಡನೆಯ ಸಲ ನಾನು ಹೇಳಬೇಕೆಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಸೋಳಾ, ಸತ್ರಾ ಎಂದು ಮುಂದೆ ಹೋಗಿಯಾಗಿತ್ತು. ನಡೆಯುವುದರಲ್ಲಿ ಮಾತ್ರ ನಾನು ಯಾರಿಗೂ ಕಡಿಮೆ ಇರಲಿಲ್ಲ. ಏದುಸಿರು ಬಿಡುತ್ತಿದ್ದವರು ಆ ಗಂಡಸರೇ.

ಮಧ್ಯಾಹ್ನ ಒಂದು ಸಣ್ಣ ತೊರೆಯ ಪಕ್ಕ ಊಟಕ್ಕೆ ಕುಳಿತೆವು. ಬೆಳಿಗ್ಗೆ ಐದರಿಂದ ನನಗೆ ಒಂದಕ್ಕೆ ಹೋಗಲು ಎಡೆ ಸಿಕ್ಕಿರಲಿಲ್ಲ. ಗಂಡಸರಿಗೇನು, ಮರದ ಹಿಂದೆ ತಿರುಗಿ ನಿಂತರೆ ಮುಗಿಯಿತು. ಊಟ ಮುಗಿಸಿ ಎಲ್ಲರೂ ಹಾಡು ಹೇಳುತ್ತಾ ಕುಳಿತಿದ್ದಾಗ, ಯಾರಿಗೂ ಹೇಳದೆ ಎದ್ದು ತೊರೆಯಗುಂಟ ಮೇಲೆ ಹೋದೆ. ಎಲ್ಲಿ ನಿಂತರೂ ಯಾರಿಗಾದರೂ ಕಾಣುತ್ತದೆಯೋ ಎಂಬ ಹೆದರಿಕೆಯಲ್ಲಿ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ದೂರವೇ ಹೋಗಿಬಿಟ್ಟೆ. ಸೀಟಿ ಕೇಳಿಸಿತು. ಅವಸರದಲ್ಲಿ ಸೀರೆ ಮುಳ್ಳಿಗೆ ಸಿಕ್ಕಿತು. ಬಿಡಿಸಿಕೊಂಡು ಓಡಿ ಬಂದರೆ ಅಲ್ಲಿ ಯಾರೂ ಇಲ್ಲ. ಕಿತ್ತಳೆ ಸಿಪ್ಪೆ ಮತ್ತು ಎಲೆಗಳು ಬಿದ್ದಿದ್ದವು.

ಇಲ್ಲೇ ಮುಂದೆ ಇರಬೇಕು ಎಂದು ಓಡಿದೆ. ದಾರಿ ಎರಡಾಗಿತ್ತು. ಅಗಲವಾಗಿದ್ದ ದಾರಿ ಹಿಡಿದೆ. ಅದು ನೂರು ಮಾರು ಹೋಗಿ ಪೊದೆಯಲ್ಲಿ ಮುಗಿಯಿತು. ವಾಪಸು ಬಂದು ಇನ್ನೊಂದು ಹಿಡಿದೆ. ಅದೂ ಮತ್ತೆ ಕವಲಾಯಿತು. “ಹೋಯ್!” ಎಂದು ಕೂಗಿದೆ. “ಹೋಯ್, ಕೇಣ್ತಾ?” ಎಂದು ಕೂಗಿದೆ. ಊರಿನಲ್ಲಿ ಹೆಂಗಸರು ಗಂಡನನ್ನು ಕರೆಯುವುದೇ ಹಾಗೆ, ಹೆಸರು ಹೇಳದೆ, ಕೇಳುತ್ತದೆಯೇ ಎಂದು. ಆಮೇಲೆ ಅಳು ಬಂತು. ಅಳುತ್ತಲೇ, ಮದುವೆಯಾದ ಮೇಲೆ ಮೊದಲ ಸಲ, ನನ್ನ ಗಂಡನ ಹೆಸರನ್ನು ಗಂಟಲು ಹರಿಯುವಷ್ಟು ಜೋರಾಗಿ ಕೂಗಿದೆ. ಒಂದಲ್ಲ, ಹತ್ತು ಸಲ. ಮರದ ಮೇಲಿದ್ದ ಮಂಗಗಳು ಹಾರಿಹೋದವು.

ಅಲ್ಲಿಯವರೆಗೆ ನನಗೆ ಹೆದರಿಕೆ ಇತ್ತು. ಅವರು ಈಗ ಲೆಕ್ಕ ಮಾಡಿರುತ್ತಾರೆ, ನಾನಿಲ್ಲ ಎಂದು ಗೊತ್ತಾಗುತ್ತದೆ, ಓಡಿ ಬರುತ್ತಾರೆ ಎಂದು ಒಂದು ಬಂಡೆಯ ಮೇಲೆ ಕುಳಿತು ಕಾದೆ. ಬಹಳ ಹೊತ್ತಾದರೂ ಯಾರೂ ಬರಲಿಲ್ಲ. ಆಗ ಹೊಳೆಯಿತು. ಲೆಕ್ಕ ಆಗಲೇ ಆಗಿಹೋಗಿದೆ. ನನ್ನದನ್ನು ಹೇಳಲು ಅಲ್ಲಿ ಜನ ಇದ್ದಾರೆ. ನಾನು ಇದ್ದರೂ ಇಲ್ಲದಿದ್ದರೂ ಹದಿನೈದು ಅಲ್ಲಿ ಇದ್ದೇ ಇರುತ್ತದೆ. ಪಿತ್ತ ನೆತ್ತಿಗೇರಿತು. ಅಳು ನಿಂತೇ ಹೋಯಿತು.

ಎದ್ದು, ನೀರು ಹರಿಯುವ ಕಡೆಗೆ ಇಳಿಯತೊಡಗಿದೆ. ಕಾಲು ಗಂಟೆ ಇಳಿದಿರಬಹುದು, ಸೌದೆ ಕಟ್ಟುತ್ತಿದ್ದ ಒಬ್ಬ ಹೆಂಗಸು ಕಂಡಳು. ಆ ಕಾಡಿನ ಹಾಡಿಯವಳು. ಮೊಣಕಾಲಿನವರೆಗೆ ಬಿಗಿದು ಉಟ್ಟ ಸೀರೆ, ಸೊಂಟದಲ್ಲಿ ಕತ್ತಿ. ನನ್ನ ಹರಿದ ಸೆರಗು ನೋಡಿ ಅವಳೇ ಮೊದಲು ಮಾತಾಡಿದಳು. ನನಗೆ ಅವಳ ಮರಾಠಿ ಅರ್ಥವಾಗಲಿಲ್ಲ, ಅವಳಿಗೆ ನನ್ನ ಕನ್ನಡ ಅರ್ಥವಾಗಲಿಲ್ಲ. “ಬೊರಿವಲಿ, ಸ್ಟೇಶನ್” ಎಂದೆ. “ಏಕಟೀ?” ಎಂದು ಒಂದು ಬೆರಳು ಎತ್ತಿ ತೋರಿಸಿದಳು. ಒಬ್ಬಳೇ ಎಂದು ತಲೆಯಾಡಿಸಿದೆ. ಅವಳು ಯಾರನ್ನೋ ಬೈದಳು. ಯಾರನ್ನು ಎಂದು ಭಾಷೆ ಬಾರದೆಯೂ ತಿಳಿಯಿತು.

ಅವಳೂ ಸೌದೆ ಮಾರಲು ಬೊರಿವಲಿಗೇ ಹೋಗುವವಳು. ಹೊರೆ ಎರಡಿತ್ತು, ಚಿಕ್ಕದನ್ನು ದೊಡ್ಡದರ ಮೇಲೆ ಕಟ್ಟಲು ಹೊರಟಿದ್ದಳು. ನಾನು ಸೆರಗನ್ನು ಸಿಂಬೆ ಸುತ್ತಿ ಚಿಕ್ಕದನ್ನು ನನ್ನ ತಲೆಗೆ ಎತ್ತಿಕೊಂಡೆ. ಅವಳು ಬೇಡ ಬೇಡ ಎಂದು ನಕ್ಕಳು, ಆಮೇಲೆ ಬಿಟ್ಟಳು. ಒಳದಾರಿಯಲ್ಲಿ ಅವಳ ಹಿಂದೆ ನಡೆದೆ. ಚಪ್ಪಲಿಯ ಬಾರು ಕಿತ್ತುಹೋಗಿ ಬರಿಗಾಲಾದೆ. ಎರಡು ಕಡೆ ಕುಳ್ಳಿರಿಸಿ ನೀರು ಕುಡಿಸಿದಳು. ಕಾಲಿಗೆ ಚುಚ್ಚಿದ ಮುಳ್ಳನ್ನು ತನ್ನ ಮಡಿಲಲ್ಲಿ ಕಾಲಿಟ್ಟುಕೊಂಡು ತೆಗೆದಳು. ಬೊರಿವಲಿಯ ಬಜಾರಿನಲ್ಲಿ ಹೊರೆ ಇಳಿಸಿದ ಮೇಲೆ, ಸ್ಟೇಶನ್ನಿನ ಮೆಟ್ಟಿಲಿನವರೆಗೆ ಕೈ ಹಿಡಿದು ಬಂದು, ಬೆನ್ನು ತಟ್ಟಿ, ಹಿಂದಿರುಗಿ ನೋಡದೆ ಹೊರಟುಹೋದಳು. ಬಿಸಿಲು ಇನ್ನೂ ಇತ್ತು.

ನನ್ನ ಕೈಯಲ್ಲಿ ಟಿಕೆಟಿಲ್ಲ. ಯಾರನ್ನಾದರೂ ಕೇಳೋಣ ಎಂದು ಮೆಟ್ಟಿಲು ಹತ್ತಿ ಸೇತುವೆಯ ಮೇಲಿಂದ ನೋಡಿದರೆ, ಕೆಳಗೆ ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಕ್ಲಬ್ಬಿನವರೇ! ಪೊಲೀಸರಿಗೆ ಹೇಳಿರಬೇಕು, ಹುಡುಕಿ ಸಾಕಾಗಿ ಇಲ್ಲಿ ಕಾಯುತ್ತಿರಬೇಕು ಎಂದುಕೊಂಡು ಕುಂಟುತ್ತಾ ಇಳಿದೆ. ಹತ್ತಿರ ಬಂದಾಗ ನಗು ಕೇಳಿಸಿತು. ಹೋಟೆಲಿನಲ್ಲಿ ಒಂದು ಗಂಟೆ ಕುಳಿತು ಮಸಾಲೆ ದೋಸೆ ತಿಂದು ಬಂದಿದ್ದರಂತೆ, ಅದು ಆಮೇಲೆ ಗೊತ್ತಾಯಿತು. ನನ್ನವರು ನನಗೆ ಬೆನ್ನು ಹಾಕಿ ಗೆಳೆಯನ ಜೊತೆ ಬೀಡಾ ಹಂಚಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಸೀಟಿ. ಮನೆಗೆ ಹೋಗುವ ಮೊದಲಿನ ಕೊನೆಯ ಲೆಕ್ಕ. ಏಕ್, ದೋನ್, ತೀನ್, ಚಾರ್. “ಪಾಚ್!” ಎಂದರು ನನ್ನ ಗಂಡ, ಬೀಡಾ ತುಂಬಿದ ಬಾಯಲ್ಲಿ. ನಾನು ಮೆಟ್ಟಿಲಿನ ಬುಡದಲ್ಲಿ, ಅವರೆಲ್ಲರ ಹಿಂದೆ, ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ.

“ಚೌದಾ, ಪಂಧರಾ!” ಎಂದರು ನಳಿನಿಬಾಯಿ.

ಸೋಳಾ, ಸತ್ರಾ, ಅಠರಾ. ಬಾವೀಸ್‌ವರೆಗೂ ಹೋಯಿತು. “ಸಗಳೇ ಆಹೇತ್” ಎಂದು ಸಾವಂತರು ಸೀಟಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. ಎಲ್ಲರೂ ಇದ್ದಾರಂತೆ!

“ಹದಿನೈದು ಇಲ್ಲಿ ಉಂಟು!” ಎಂದು ಕಿರುಚಿದೆ. “ಅಲ್ಲಿ ಹದಿನೈದು ಅಂತ ಹೇಳಿದ್ದು ಯಾರು? ಎಲ್ಲಿದ್ದಾಳೆ ನಿಮ್ಮ ಹದಿನೈದು, ತೋರಿಸಿ!”

ಇಡೀ ಪ್ಲಾಟ್‌ಫಾರ್ಮು ತಿರುಗಿತು. ನಳಿನಿಬಾಯಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. “ಅಯ್ಯ ನಮ್ಮವ್ವ! ನೀ ಗಂಡನ ಕೂಡ ಮುಂದ ಇದ್ದೀ ಅಂತ ತಿಳಕೊಂಡಿದ್ದೆ ನಾ.”

“ನೀನು ಹೆಂಗಸರ ಒಟ್ಟಿಗೆ ಇದ್ದಿ ಅಂತ ಮಾಡಿದ್ದೆ ಮಾರಾಯ್ತಿ” ಎಂದರು ನನ್ನವರು. “ನಂಬರು ಕೇಳಿತಲ್ಲ.” ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ತಲೇಲಿ ಅದೆಂತ ಕಸ? ಚಪ್ಪಲಿ ಎಲ್ಲಿ?” ಎಂದರು.

ಸಾವಂತರು ಮುಂದೆ ಬಂದರು. “ಭಾಭೀ, ಬೋಲ್ ಕೇ ಜಾನಾ ಚಾಹಿಯೇ ಥಾ ನಾ?” ಎಂದು ನನಗೇ ಬುದ್ಧಿ ಹೇಳಿದರು. ಹೇಳಿ ಹೋಗಬೇಕಿತ್ತಂತೆ! ಅಷ್ಟು ಹಿಂದಿ ನನಗೆ ಗೊತ್ತಿತ್ತು.

“ನಾನು ಒಂದಕ್ಕೆ ಹೋಗಿದ್ದೆ” ಎಂದೆ, ಕನ್ನಡದಲ್ಲೇ, ಎಲ್ಲರಿಗೂ ಕೇಳುವ ಹಾಗೆ. “ಅದನ್ನು ಇಪ್ಪತ್ತೊಂದು ಜನರ ಎದುರು ಸೀಟಿ ಊದಿ ಹೇಳಬೇಕಿತ್ತಾ? ನೀವು ತಲೆ ಎಣಿಸಿದ್ದಾ, ಬಾಯಿ ಎಣಿಸಿದ್ದಾ? ಒಂದು ಸಲ ಕಣ್ಣೆತ್ತಿ ನೋಡಿದ್ರೆ ಎಂತ ಆಗ್ತಿತ್ತು?”

“ಮೆಲ್ಲ ಮಾತಾಡು. ಎಲ್ಲ ನೋಡ್ತಾ ಇದ್ದಾರೆ” ಎಂದು ನನ್ನವರು ತೋಳು ಹಿಡಿದರು. ಕೊಡವಿಬಿಟ್ಟೆ. “ನೋಡ್ಲಿ. ಇಷ್ಟು ಹೊತ್ತು ಯಾರೂ ನೋಡ್ಲಿಲ್ಲ ಅಂತಲೇ ನಾನು ಹೇಳುದು” ಎಂದೆ. ನಳಿನಿಬಾಯಿ ಅಳುತ್ತಿದ್ದರು. ಅವರದು ಕೆಟ್ಟ ಮನಸ್ಸಲ್ಲ ಎಂದು ನನಗೆ ಆಗಲೂ ಗೊತ್ತಿತ್ತು, ಆದರೆ ಸಮಾಧಾನ ಹೇಳಲು ನನ್ನಿಂದ ಆಗಲಿಲ್ಲ. ಸಾವಂತರು, ಸಿಕ್ಕಿದರಲ್ಲ, ಲೆಕ್ಕ ಸರಿಯಾಯಿತಲ್ಲ ಎಂದು ಮರಾಠಿಯಲ್ಲಿ ಎಲ್ಲರನ್ನೂ ಗಾಡಿಗೆ ಹತ್ತಿಸಿದರು.

ಮುಂದಿನ ವಾರ ಕ್ಲಬ್ಬಿನಿಂದ ಒಂದು ಸುತ್ತೋಲೆ ಬಂತು. ಹೇಳಿದ ಹಾಗೆ ಕೇಳದ ಮಹಿಳೆಯರನ್ನು ಸದಸ್ಯರು ಇನ್ನು ಮುಂದೆ ಕರೆತರಬಾರದು ಎಂದು ಅದರಲ್ಲಿತ್ತು. ಲೆಕ್ಕ ತಪ್ಪಿದ್ದರ ಬಗ್ಗೆ ಒಂದು ಅಕ್ಷರವಿಲ್ಲ. ನನ್ನವರು ಓದಿ ಹೇಳಿ, “ಸಾಕಲ್ಲ ಇನ್ನು” ಎಂದರು. ಮುಂದಿನ ತಿಂಗಳು ನಾನು ಮೊದಲು ಹೊರಟು ಬಾಗಿಲಲ್ಲಿ ನಿಂತೆ. ಸ್ಟೇಶನ್ನಿನಲ್ಲಿ ಕ್ಲಬ್ಬಿನವರು ಯಾರಿಗೂ ನನ್ನನ್ನು ವಾಪಸು ಕಳಿಸುವ ಧೈರ್ಯವಾಗಲಿಲ್ಲ. ದೊಡ್ಡ ಮಗಳು ಹೊಟ್ಟೆಯಲ್ಲಿ ನಿಲ್ಲುವವರೆಗೆ ಐದು ಸಲ ಹೋದೆ. ಯಾವ ನಂಬರು ಬಂದರೂ ನಾನೇ ಕೂಗಿದೆ.

ಈಗ ನನಗೆ ಮೊಮ್ಮಕ್ಕಳಿದ್ದಾರೆ. ಮನೆಗೆ ನೆಂಟರು ಬಂದರೆ ನನ್ನವರು ಈ ಕತೆಯನ್ನು ಈಗಲೂ ಹೇಳುತ್ತಾರೆ. “ಇವಳು ಒಮ್ಮೆ ಕಾಡಿನಲ್ಲಿ ತಪ್ಪಿಸಿಕೊಂಡಿದ್ಲು, ನಾವು ಹುಡುಕಿ ಹುಡುಕಿ ಸುಸ್ತು” ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ಯಾರು ಹುಡುಕಿದ್ದು? ನಾನು ತಪ್ಪಿಸಿಕೊಂಡದ್ದಾ, ಇವರು ಬಿಟ್ಟು ಹೋದದ್ದಾ? ಪ್ರತಿಸಲವೂ ಮೈಯೆಲ್ಲ ಉರಿಯುತ್ತದೆ, ಪ್ರತಿಸಲವೂ ಕಾಫಿ ತರುತ್ತೇನೆಂದು ಎದ್ದು ಒಳಗೆ ಹೋಗುತ್ತೇನೆ.

ಆದರೆ ನನ್ನ ಸಿಟ್ಟಿನ ಬುಡದಲ್ಲಿರುವುದು ಬೇರೆ. ಅವತ್ತು ಪ್ಲಾಟ್‌ಫಾರ್ಮಿನಲ್ಲಿ ಇದ್ದ ಇಪ್ಪತ್ತೊಂದು ಜನರಲ್ಲಿ ಒಬ್ಬರೂ, ಇವತ್ತಿನವರೆಗೆ ನನ್ನ ಗಂಡ ಕೂಡ, “ನೀನು ಹೇಗೆ ಬಂದೆ?” ಎಂದು ಕೇಳಿಲ್ಲ. ಕೇಳಿದ್ದರೆ ಆ ಹೆಂಗಸಿನ ಬಗ್ಗೆ ಹೇಳುತ್ತಿದ್ದೆ. ಯಾರವಳು, ಅವಳ ಹೆಸರೇನು ಎಂದು ಅವರು ಮುಂದೆ ಕೇಳುತ್ತಿದ್ದರು. ಅವಳ ಹೆಸರನ್ನು ನಾನೂ ಕೇಳಿರಲಿಲ್ಲ.