ತಕರಾರಿಲ್ಲದ ತತ್ತಿ

ನಾ ಹಿಂಡಿ ಮಾರಾವ್ರಿ. ಹೆಸರು ಗುರುಪಾದಯ್ಯ. ಸೊಲ್ಲಾಪುರ ರಸ್ತೆದಾಗ ಅಂಗಡಿ ಐತಿ, ದನದ ಹಿಂಡಿ, ಹೊಟ್ಟು, ಕೋಳಿ ಕಾಳು ಎಲ್ಲಾ ಸಿಗ್ತಾವು. ಜಂಗಮರಾವ, ಜನ್ಮದಾಗ ತತ್ತಿ ತಿಂದಾವ ಅಲ್ಲ. ಆದ್ರೂ ತತ್ತಿ ಒಳಗಿನ ಹಳದಿ ಹೆಂಗ ಬಣ್ಣ ಬರಬೇಕು ಅಂತ ಕೇಳಾಕ ಸುತ್ತಲಿನ ಮಂದಿ ನನ್ನ ಕಡೆನ ಬರ್ತಾರ. ನಗೋರು ನಗ್ರಿ, ನಾ ಹೇಳಿದ್ದು ಮಾತ್ರ ಇಲ್ಲೀತನಾ ಸುಳ್ಳಾಗಿಲ್ಲ.

ಸತ್ಯವ್ವನ ವಿಷಯದಾಗೂ ಸುಳ್ಳಾಗಲಿಲ್ಲ. ಅದ ಆಕಿಗೆ ಮುಳುವಾತು.

ಸತ್ಯವ್ವ ಇಪ್ಪತ್ತಾರು ವರ್ಷ ಹೆಣ್ಣುಹುಡುಗ್ಯಾರ ಹಾಸ್ಟೆಲ್‌ನಾಗ ಅಡಗಿ ಮಾಡಿದಾಕಿ. ಗಂಡ ಲಗ್ನಾದ ನಾಕನೇ ವರ್ಷಕ್ಕ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ಆದ್ರ ಮಕ್ಕಳಿಲ್ಲ ಅಂತ ಕುಂತು ಅಳಾಕ ಆಕಿಗೆ ಪುರಸೊತ್ತರ ಎಲ್ಲಿತ್ತು? ಮುಂಜಾನೆದ್ರ ನೂರು ಹುಡುಗ್ಯಾರು ತಲಿ ತಿನ್ನಾಕ ಶುರು. ಅವ್ವಾ, ಉಪ್ಪಿಟ್ಟು ಸಪ್ಪಗೈತಿ. ಅವ್ವಾ, ರೊಟ್ಟಿ ಹೊತ್ತೇತಿ. ಅವ್ವಾ, ಇವತ್ತೂ ಬದ್ನಿಕಾಯೇನು? ಈಕಿ ಸೌಟು ಹಿಡಕೊಂಡು ಬೈಯೂದು, ಅವು ನಗಕೋತ ಓಡೂದು. ಅಷ್ಟು ವರ್ಷದಾಗ ಒಬ್ಬ ಹುಡುಗಿನೂ ಅಡಗಿ ಚಲೋ ಆಗೇತಿ ಅನ್ನಲಿಲ್ಲಂತ.

"ಅಂದಿದ್ರ ನಾ ಹೆದರತಿದ್ದೆ ಸ್ವಾಮ್ಯಾರ," ಅಂತಿದ್ಳು. "ಹುಡುಗಿಗೆ ಜ್ವರ ಗಿರ ಬಂದಾವೇನೋ ಅಂತ ಹಣಿ ಮುಟ್ಟಿ ನೋಡತಿದ್ದೆ."

ಅರವತ್ತು ತುಂಬಿತು, ಶಾಲು ಹೊದಿಸಿ ಮನಿಗೆ ಕಳಿಸಿದ್ರು. ಮನಿ ಅಂದ್ರ ಏನು, ತೊರವಿ ದಾಟಿ ಟಿಕೋಟಾ ರಸ್ತೆ ಬಾಜೂಕ ತವರಿನಾವ್ರು ಕೊಟ್ಟ ತುಣುಕು ಜಾಗಾ. ಅಲ್ಲಿ ಒಂದು ಖೋಲಿ, ಒಂದು ತಗಡಿನ ಶೆಡ್ಡು, ನೂರೈವತ್ತು ಕೋಳಿ. ಮೊದಲ ಮೂರು ತಿಂಗಳು ದಿನಾ ಹದಿನೈದು ಇಪ್ಪತ್ತು ರೊಟ್ಟಿ ಬಡದು, ಎರಡು ತಾ ತಿಂದು, ಉಳಿದದ್ದು ಮುರದು ಕೋಳಿಗೆ ಹಾಕ್ತಿದ್ಳು. ಕಡಿಮಿ ಮಾಡೂದು ಕೈಗೆ ಬರತಿರಲಿಲ್ಲ. ನೂರು ಮಂದಿ ಗದ್ದಲದಾಗ ಬಾಳ್ವೆ ಮಾಡಿದಾಕಿಗೆ ಅಲ್ಲಿ ಮಾತಾಡಸೂ ಒಂದು ನರಪಿಳ್ಳಿ ಇರಲಿಲ್ಲ. ಅಂಗಡಿಗೆ ಬಂದ್ರ ಒಂದು ಚೀಲ ಕಾಳಿಗೆ ಒಂದು ತಾಸು ಮಾತು. ನನಗ ಗಿರಾಕಿ ನಿಂತಿರತಿದ್ರು. ಹೂಂ ಹೂಂ ಅಂತಿದ್ದೆ, ಅರ್ಧಾ ಕಿವಿ ಮ್ಯಾಲ ಹಾಕ್ಕೊಳ್ಳತಿರಲಿಲ್ಲ. ಈಗ ಹೇಳಾಕ ನಾಚಿಕಿ ಬರತೈತಿ.

ಹಿಂಗಿದ್ದಾಗ ಆಕಿಗೆ ಶೈಲಾ ಟೀಚರ್ ಸಿಕ್ಕರು. ಮನಿ ವಿಜಯಪುರದಾಗ, ಸಾಲಿ ಟಿಕೋಟಾದಾಗ, ದಿನಾ ಸ್ಕೂಟಿ ಮ್ಯಾಲ ಹೋಗಿ ಬರೂದು. ಶನಿವಾರ ಮಧ್ಯಾಹ್ನಕ್ಕ ಸಾಲಿ ಬಿಡತೈತಿ, ಹೊಳ್ಳಿ ಬರುವಾಗ ಸತ್ಯವ್ವನ ಕಡೆ ನಿಂತು ಒಂದು ಟ್ರೇ ತತ್ತಿ ಒಯ್ಯತಿದ್ರು. ಎರಡನೇ ವಾರ ಬಂದಾವ್ರ ಮೊಬೈಲ್‌ನಾಗ ಫೋಟೋ ತೋರಿಸಿದ್ರಂತ. "ನೋಡ್ರಿ ಸತ್ಯವ್ವಾರ, ಜವಾರಿ ಕೋಳಿಯಾಂಗ ಸಾಕ್ತೀರಿ, ಹಳದಿ ಯಾಕ ಹಿಂಗ ಬಿಳಚೇತಿ?"

ಟೀಚರ್ ಅಂದ್ರ ಟೀಚರ್. ಪ್ರತಿ ಶನಿವಾರ ಹೊಸಾ ಫೋಟೋ, ಹೊಸಾ ತಕರಾರು. ಸತ್ಯವ್ವ ಹೊರಸಿನ ಮ್ಯಾಲ ಕೂಡಸೂದು, ಚಾ ಮಾಡೂದು, ಕೋಳಿ ಪರವಾಗಿ ವಾದ ಮಾಡೂದು. ತಾಸಗಟ್ಟಲೆ ನಡೀತಿತ್ತು. ತತ್ತಿ ಮುಗದ ಮ್ಯಾಲ ಟೀಚರ್ ಸಾಲಿ ಹುಡುಗರ ಸುದ್ದಿ, ಈಕಿ ಹಾಸ್ಟೆಲ್ ಸುದ್ದಿ. ಶುಕ್ರವಾರನ ಈಕಿ ಅಂಗಳ ಸಾರಿಸಿ ಇಡತಿದ್ಳು.

ಒಂದಿನ ಅಂಗಡಿಗೆ ಬಂದು, "ಸ್ವಾಮ್ಯಾರ, ಹಳದಿ ಬಣ್ಣ ಬರಾಕ ಏನರ ಐತೇನ್ರಿ? ಟೀಚರ್ ಅಕ್ಕೋರಿಗೆ ಸಮಾಧಾನ ಇಲ್ಲ" ಅಂದ್ಳು.

"ಏನ್ ಹಾಕ್ತಿ?" ಅಂತ ಕೇಳಿದೆ.

"ಬಿಳಿಜ್ವಾಳ. ಕಸರಿಲ್ಲದ ಚಲೋ ಜ್ವಾಳ, ನಾ ತಿನ್ನೂದ ಹಾಕ್ತೇನಿ."

ನನಗ ನಗಿ ತಡಿಲಿಲ್ಲ. ನಮ್ಮ ಭಾಗದ ಮಂದಿಗೆ ಬಿಳಿಜ್ವಾಳ ಅಂದ್ರ ಮುಗೀತು, ಅದರ ಮುಂದ ಯಾವುದೂ ಇಲ್ಲ. ಆದ್ರ ಬಣ್ಣ ಅನ್ನೂದು ಕೋಳಿ ಹೊಟ್ಟ್ಯಾಗ ಹುಟ್ಟೂದಲ್ಲ ಬೇ, ತಿಂದದ್ದರಿಂದ ಬರಬೇಕು, ಬಿಳಿಜ್ವಾಳದಾಗ ಅದು ಇಲ್ಲ ಅಂತ ತಿಳಿಸಿ ಹೇಳಿದೆ. ಅರ್ಧಾ ಗೊಂಜಾಳ, ಅಂದ್ರ ಮೆಕ್ಕೆಜೋಳ, ಮಾಡು, ಒಂದು ಮುಟಗಿ ಹಸಿ ಮೇವು ಹಾಕು, ಚೆಂಡು ಹೂವಿನ ಎಸಳು ನೆರಳಾಗ ಒಣಗಿಸಿ ಪುಡಿ ಮಾಡಿ ಕಾಳಿನಾಗ ಕಲಸು, ಕೆಂಪ ಬೇಕಂದ್ರ ಚೂರು ಬ್ಯಾಡಗಿ ಮೆಣಸಿನಕಾಯಿ ಪುಡಿ. ಕೋಳಿಗೆ ಖಾರ ಹತ್ತಾಂಗಿಲ್ಲ. ಬಬಲೇಶ್ವರ ಕಡಿಂದ ನನಗ ಒಣ ಹೂ ಬರತಿತ್ತು, ಅದರಾಗ ಒಂದು ಚೀಲ ಕೊಟ್ಟು ಕಳಿಸಿದೆ. ಹತ್ತು ಹನ್ನೆರಡು ದಿನಕ್ಕ ಬಣ್ಣ ಕಾಣಸ್ತೈತಿ ಅಂದೆ. ಕಾಣಿಸ್ತು.

ಟೀಚರ್ ಭಾಳ ಖುಷಿಯಾದ್ರಂತ. ಕೇಸರಿ ಬಣ್ಣದ ಫೋಟೋ ತೋರಿಸಿ, ಸಾಲ್ಯಾಗ ಎಲ್ಲಾರಿಗೂ ಹೇಳೇನಿ ಅಂದ್ರಂತ. ಆಮ್ಯಾಲ, "ಇನ್ನೇನು ನೋಡೂದು ಉಳಿದಿಲ್ಲ ಬಿಡ್ರಿ ಸತ್ಯವ್ವಾರ. ಹಾಲಿನ ರಾಯಪ್ಪ ನಮ್ಮ ಓಣಿಗೆ ಬರತಾನಲ್ಲ, ಅವನ ಕೈಯಾಗ ಟ್ರೇ ಕಳಿಸಿಬಿಡ್ರಿ. ನನಗೂ ಬಿಸಲಾಗ ನಿಂದ್ರೂದು ತಪ್ಪತೈತಿ" ಅಂದ್ರಂತ.

ಅಂದಿನಿಂದ ಶನಿವಾರ ಸ್ಕೂಟಿ ನಿಂದರಲಿಲ್ಲ. ಹಾರನ್ ಹೊಡದು, ಕೈ ಎತ್ತಿ, ಮುಂದ ಹೋಗತಿದ್ರು. ಸತ್ಯವ್ವ ಅಂಗಳದಾಗ ನಿಂತು ತಾನೂ ಕೈ ಎತ್ತತಿದ್ಳು.

ದೀಪಾವಳಿ ಮುಂದ ಬಂದಾಕಿ ಬರೇ ಬಿಳಿಜ್ವಾಳ ಕೇಳಿದ್ಳು. ಹೂ ಬ್ಯಾಡಂತ, ಗೊಂಜಾಳನೂ ಬ್ಯಾಡಂತ. ನಾ ಸಿಟ್ಟಿಗೆದ್ದೆ. "ತಲಿ ಕೆಟ್ಟೈತೇನು? ಕಷ್ಟಪಟ್ಟು ತಂದ ಬಣ್ಣ ಕಳಕೊಳ್ಳತಿ" ಅಂದೆ.

ಆಕಿ ಖಾಲಿ ಚೀಲದ ಬಾಯಿ ಬಿಚ್ಚಕೋತ, ನನ್ನ ಕಡೆ ನೋಡದ ಅಂದ್ಳು, "ಬಣ್ಣ ಹೋದ್ರ ಅಕ್ಕೋರು ಬೈಯಾಕರ ಬರತಾರ್ರಿ."

ನಾ ಜ್ವಾಳ ತೂಗಿ ಕೊಟ್ಟೆ.

ಹತ್ತು ದಿನ ಆತು, ಇಪ್ಪತ್ತು ಆತು. ಸತ್ಯವ್ವ ದಿನಾ ಒಂದು ತತ್ತಿ ಒಡದು ನೋಡತಿದ್ಳು. ಹಳದಿ ಮೊದಲಿನಕಿಂತ ಬಿಳಚೇತಿ ಅಂತ ನನಗ ಫೋನ್ ಮಾಡಿ ಹೇಳಾಕಿ, ಸಣ್ಣ ಹುಡುಗಿ ಹಬ್ಬ ಎಣಸಿದಾಂಗ. ಟ್ರೇ ಮಾತ್ರ ವಾರಾ ವಾರಾ ಹೋಗತಿತ್ತು, ತಕರಾರು ಬರಲಿಲ್ಲ. ಶನಿವಾರ ಸ್ಕೂಟಿ ಹಾರನ್ ಹೊಡದು ಹೋಗತಿತ್ತು.

ತಿಂಗಳ ಮ್ಯಾಲ ಒಂದು ರವಿವಾರ ಮುಂಜಾನೆ ಅಂಗಡಿಗೆ ಬಂದ್ಳು. ಖಾಲಿ ಟ್ರೇ ಟೀಚರ್ ಮನ್ಯಾಗ ಉಳದಾವು, ತರಬೇಕು, ಗಾಡಿ ಮ್ಯಾಲ ಬಿಡ್ರಿ ಅಂದ್ಳು. ಟ್ರೇ ಬರೇ ನೆವ, ಅದು ನನಗೂ ಗೊತ್ತಿತ್ತು. ಅಂಗಡಿ ಬಾಗಿಲಾ ಎಳದು ಕರಕೊಂಡು ಹೋದೆ.

ಟೀಚರ್ ಭಾಳ ಒಳ್ಳೇ ಹೆಣ್ಣುಮಗಳು. ನಗಕೋತ ಬಾಗಿಲಾ ತಗದ್ರು, ನನಗ ಕುರ್ಚಿ ಕೊಟ್ಟು ಕೂಡಿಸಿದ್ರು, ಸತ್ಯವ್ವನ್ನ ಅಡಗಿಮನಿಗೇ ಕರಕೊಂಡು ಹೋದ್ರು. ನಾ ಕುಂತಲ್ಲಿಂದ ಎಲ್ಲಾ ಕಾಣತಿತ್ತು. ಕಟ್ಟಿ ಮ್ಯಾಲ ಎರಡು ಬಟ್ಟಲಾ. ತತ್ತಿ ಒಡದು ಬಿಳೇದು ಒಂದರಾಗ, ಹಳದಿ ಇನ್ನೊಂದರಾಗ ಹಾಕಾಕತ್ತಿದ್ರು.

"ನಮ್ಮ ಮನಿಯವ್ರಿಗೆ ಡಾಕ್ಟರು ಹಳದಿ ಬಂದ್ ಮಾಡ್ಯಾರ್ರಿ, ಎರಡು ತಿಂಗಳಾತು. ಅವ್ರು ಬಿಟ್ರು ಅಂತ ನಾನೂ ಬಿಟ್ಟೆ. ಮಗ್ಗಲ ಮನ್ಯಾಗ ನಾಯಿ ಐತಿ, ಅದು ತಿಂತೈತಿ," ಅಂದ್ರು.

ಸತ್ಯವ್ವ ಬಟ್ಟಲಾ ನೋಡಿದ್ಳು. ಆರು ಹಳದಿ ಇದ್ವು, ನಿಂಬಿಹಣ್ಣಿನ ಸಿಪ್ಪಿಗಿಂತ ಬಿಳಚಿದ್ವು. ಆಮ್ಯಾಲ ಸಾವಕಾಶ ಕೇಳಿದ್ಳು, "ಅಕ್ಕೋರ, ಬಣ್ಣ ಹೆಂಗ ಬರಾಕತ್ತೈತ್ರಿ?"

ಟೀಚರ್ ಏಳನೇ ತತ್ತಿ ಒಡಕೋತ, ಗ್ಯಾಸ್ ಮ್ಯಾಲಿನ ಚಾದ ಕಡೆ ಲಕ್ಷ್ಯ ಇಟ್ಟು ಅಂದ್ರು, "ಅದನ್ನೇನು ಕೇಳತೀರಿ ಸತ್ಯವ್ವಾರ. ಕೇಸರಿ ಅಂದ್ರ ಕೇಸರಿ. ನಿಮ್ಮ ತತ್ತಿ ಬಗ್ಗೆ ಒಂದು ಮಾತು ಅನ್ನಾಂಗಿಲ್ಲ."

"ಹೌದ್ರಿ," ಅಂದ್ಳು ಸತ್ಯವ್ವ.

ಚಾ ಕುಡದಿವಿ. ಟ್ರೇ ಕಟ್ಟಿಕೊಂಡು ಹೊಂಟಿವಿ. ದಾರಿ ತುಂಬ ನಾ ಏನೇನೋ ಮಾತಾಡಿದೆ, ಕಾಳಿನ ಸುದ್ದಿ, ಹೊಟ್ಟಿನ ಸುದ್ದಿ. ಜನ್ಮದಾಗ ಆಕಿ ಮುಂದ ಅಷ್ಟು ಮಾತಾಡಿದಾವ ಅಲ್ಲ. ಆಕಿ ಹೂಂ ಅನ್ನಲಿಲ್ಲ. ಶೆಡ್ಡಿನ ಮುಂದ ಗಾಡಿ ನಿಂದ್ರಿಸಿದೆ. ಇಳದು, ಟ್ರೇ ಬಗಲಾಗ ಹಿಡಕೊಂಡು ಅಂದ್ಳು,

"ಸುಳ್ಳು ಹೇಳಿದ್ರು ಅಂತ ಸಿಟ್ಟಿಲ್ರಿ ಸ್ವಾಮ್ಯಾರ. ಬೈಯಾಕರ ಒಡದು ನೋಡತಿದ್ರು. ಹೊಗಳಾಕ ನೋಡೂದೂ ಬೇಕಾಗಲಿಲ್ಲ."