ಬಾಲ್ಕನಿಯ ಎರಡು ಡ್ರಮ್ಮುಗಳು

ನಮ್ಮ ವಾಲ್ಯೆವೊ ಊರಿನಲ್ಲಿ ಮೊದಲ ಹಿಮ ಬೀಳುತ್ತದೆಂಬ ಸುದ್ದಿ ಬಂದರೆ ಸಾಕು, ಸ್ಲಾವೊಯ್ಕಾಳ ಪಂಕ್ಚರ್ ಅಂಗಡಿಯ ಮುಂದೆ ಕಾರುಗಳ ಸಾಲು ರಸ್ತೆಯ ತಿರುವಿನವರೆಗೆ ಬೆಳೆಯುತ್ತದೆ. ಚಳಿಗಾಲದ ಟೈರು ಹಾಕಿಸಬೇಕೆಂಬುದು ಊರಿನವರಿಗೆಲ್ಲ ಒಂದೇ ದಿನ ನೆನಪಾಗುವುದು. ಅಪ್ಪನಿಂದ ಬಂದ ಅಂಗಡಿ ಅದು. ಜ್ಯಾಕು ಎತ್ತಿ, ಬೋಲ್ಟು ಬಿಚ್ಚಿ, ಚಕ್ರವನ್ನು ತೊಡೆಗೆ ಆನಿಸಿಕೊಂಡು ಉರುಳಿಸುವ ಹೆಂಗಸನ್ನು ಹೊಸ ಗಿರಾಕಿಗಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ.

"ಏನಣ್ಣಾ, ಟೈರ್ ನೋಡ್ತಿದೀಯೋ, ನನ್ನ ನೋಡ್ತಿದೀಯೋ? ಎರಡೂ ಸವೆದಿದೆ. ಆದ್ರೆ ನಾನು ಬದಲಾಯಿಸಿಕೊಡೋದು ಟೈರ್ ಮಾತ್ರ!"

ಅದೇ ಕೈಗಳು ಮನೆಯಲ್ಲಿ ಏನು ಮಾಡುತ್ತವೆಂದು ಅವರಿಗೇನು ಗೊತ್ತು? ಅವಳ ಮನೆಯ ಕೆಳಗಿನ ಮಹಡಿಯಲ್ಲಿರುವ ನನಗೆ ಗೊತ್ತು.

ಹಲವು ವರ್ಷಗಳ ಹಿಂದೆ ಹಲ್ಲುನೋವೆಂದು ಅವಳು ಡಾಕ್ಟರ ಹತ್ತಿರ ಹೋಗಿದ್ದಳು. ಹೊರಗಿನ ಕೋಣೆಯಲ್ಲಿ ಗಾಜಿನ ತೊಟ್ಟಿಯೊಳಗೆ ಜೀವಂತ ಹವಳ ಕಂಡಿತು. ನರ್ಸು ಎರಡು ಸಲ ಹೆಸರು ಕೂಗಿದರೂ ಕೇಳಿಸಲಿಲ್ಲವಂತೆ. ಅದಾದ ಮೇಲೆ ಮನೆಯ ದೊಡ್ಡ ಕೋಣೆಯಲ್ಲಿ ಟೀವಿಯ ಜಾಗ ತೊಟ್ಟಿಯದಾಯಿತು. ಹಾಗಂತ ಸಮುದ್ರದ ಮೇಲೆ ಅವಳಿಗೆ ಮೋಹವೇನೂ ಇಲ್ಲ. ಒಮ್ಮೆ ಗಂಡ ಕರೆದುಕೊಂಡು ಹೋಗಿದ್ದಾಗ ಬಿಸಿಲಿಗೆ ಬೆನ್ನು ಸುಲಿದು, ಮರುದಿನವೇ ಬಸ್ಸು ಹತ್ತಿ ಬಂದಿದ್ದಳು. "ಸಮುದ್ರ ಮನೇಲಿದ್ರೇನೇ ಚೆಂದ ಕಣೇ, ಜನ ಕಡಿಮೆ" ಎನ್ನುತ್ತಿದ್ದಳು.

ಆ ಸಮುದ್ರವನ್ನು ಅವಳು ವಾರವಾರ ಕೈಯಾರೆ ಮಾಡಬೇಕಿತ್ತು. ನಲ್ಲಿ ನೀರಿನ ಕ್ಲೋರಿನ್ ಹವಳಕ್ಕೆ ವಿಷವಾದ್ದರಿಂದ ಆ ನೀರು ಫಿಲ್ಟರಿನಿಂದ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಶೋಧಿಸಿದ ಆ ನೀರಿನ ಕ್ಯಾನುಗಳು ಅವಳ ಮನೆಯಲ್ಲಿ ಹಿಡಿಸದೆ ನನ್ನ ಉಗ್ರಾಣದಲ್ಲೂ ಎದುರುಮನೆಯಲ್ಲೂ ಸೇರಿಕೊಂಡಿದ್ದವು. ನೀರನ್ನು ಬಾಲ್ಕನಿಯ ನೀಲಿ ಡ್ರಮ್ಮಿಗೆ ಸುರಿದು, ಹದವಾಗಿ ಬೆಚ್ಚಗಾದ ಮೇಲೆ ಹವಳಕ್ಕೆಂದೇ ಬರುವ ಉಪ್ಪನ್ನು ಹಿಡಿಹಿಡಿಯಾಗಿ ಉದುರಿಸುವಳು. ಆತುರಪಟ್ಟು ಒಮ್ಮೆಗೇ ಸುರಿದರೆ ನೀರು ಸುಣ್ಣದ ತಿಳಿಯಂತೆ ಬೆಳ್ಳಗಾಗಿ ಕೆಟ್ಟುಹೋಗುತ್ತಿತ್ತು. ಪಂಪು ಅದನ್ನು ಒಂದಿಡೀ ದಿನ ತಿರುಗಿಸಬೇಕು. ಕೊನೆಗೆ ದುರ್ಬೀನಿನಂಥ ಪುಟ್ಟ ಉಪಕರಣದ ಮೇಲೆ ಒಂದು ಹನಿ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಉಪ್ಪಿನ ಅಳತೆ ನೋಡುವಳು. ತೊಟ್ಟಿಯಿಂದ ಒಂದಿಷ್ಟು ಹಳೇ ನೀರು ತೆಗೆದು ಅಷ್ಟೇ ಹೊಸದು ತುಂಬುವುದು ಆಮೇಲಿನ ಕೆಲಸ. ಒಂದು ಶನಿವಾರವೂ ತಪ್ಪಿಸಿದವಳಲ್ಲ.

ಪಕ್ಕದಲ್ಲೇ ಇನ್ನೊಂದು ನೀಲಿ ಡ್ರಮ್ಮು. ಅದು ಅವಳ ಅತ್ತೆ ಪರ್ಸಿದಾರದು, ಚಳಿಗಾಲಕ್ಕೆಂದು ಎಲೆಕೋಸನ್ನು ಉಪ್ಪುನೀರಿನಲ್ಲಿ ಹುಳಿ ಬರಿಸುವುದಕ್ಕೆ. ಅವರ ಮಗ, ಅಂದರೆ ಸ್ಲಾವೊಯ್ಕಾಳ ಗಂಡ, ಲಾರಿ ಓಡಿಸುತ್ತ ವಾರಗಟ್ಟಲೆ ಹೊರಗಿರುತ್ತಿದ್ದುದರಿಂದ ಮನೆಯಲ್ಲಿ ಇವರಿಬ್ಬರೇ.

"ನಾನು ಉಪ್ಪುನೀರು ಮಾಡಿದ್ರೆ ಮನೆಯವರು ಉಣ್ತಾರೆ. ನೀನು ಮಾಡಿದ್ರೆ ಕಲ್ಲು ಕುಡಿಯುತ್ತೆ!" ಎಂದು ಅತ್ತೆ ಚುಚ್ಚುವರು.

"ಕಲ್ಲಲ್ಲ ಅಮ್ಮಾ, ಜೀವ ಇದೆ ಅದಕ್ಕೆ. ನಿಮ್ಮ ಹಾಗೆ ಮಾತಾಡಲ್ಲ, ಅಷ್ಟೇ."

ಆ ನವೆಂಬರಿನಲ್ಲಿ ಹಿಮ ಬೇಗ ಬಂತು. ಶನಿವಾರ ಸ್ಲಾವೊಯ್ಕಾ ಅಂಗಡಿಯಲ್ಲಿ ಊಟಕ್ಕೂ ಬಿಡುವಿಲ್ಲದೆ ದುಡಿಯುತ್ತಿದ್ದಾಗ, ಪರ್ಸಿದಾ ಎಲೆಕೋಸು ಜೋಡಿಸಿ ಮುಗಿಸಿದ್ದರು. ಉಪ್ಪುನೀರು ಕಲಸಲು ಸೊಂಟ ಬಗ್ಗಲೊಲ್ಲದು. ಪಕ್ಕದ ಡ್ರಮ್ಮಿನಲ್ಲಿ ತಯಾರಾದ ಉಪ್ಪುನೀರು ತಿಳಿಯಾಗಿ ನಿಂತಿತ್ತು. ಬೆರಳದ್ದಿ ರುಚಿ ನೋಡಿದರು. ಅದರ ಅರ್ಧವನ್ನು ಕೋಸಿನ ಮೇಲೆ ಸುರಿದುಕೊಂಡರು. ಸೊಸೆಗೆ ಕಡಿಮೆಯಾಗಬಾರದಲ್ಲ! ಅವಳ ಡ್ರಮ್ಮಿಗೆ ನಲ್ಲಿ ನೀರು ತುಂಬಿ, ಅಡುಗೆ ಉಪ್ಪು ಹಾಕಿ, ನಾಲಗೆಗೆ ಅದೇ ರುಚಿ ಬರುವವರೆಗೆ ಕಲಕಿ ಇಟ್ಟರು.

ಸಂಜೆ ಸೋತು ಬಂದ ಸ್ಲಾವೊಯ್ಕಾ ಒಂದು ಹನಿ ಬಿಟ್ಟು ನೋಡಿದಳು. ಅಳತೆ ಸರಿಯಾಗಿಯೇ ಇತ್ತು. ಅತ್ತೆಯ ನಾಲಗೆ ಅಂಥದು. ನೀರನ್ನು ತೊಟ್ಟಿಗೆ ತುಂಬಿ ಮಲಗಿದಳು.

ಭಾನುವಾರ ಬೆಳಿಗ್ಗೆ ಅವಳ ಕೂಗಿಗೆ ನಾನು ಮೇಲೆ ಓಡಿದೆ. ಹೂವಿನಂತೆ ಅರಳಿರುತ್ತಿದ್ದ ಹವಳಗಳೆಲ್ಲ ಮುದುಡಿಕೊಂಡಿದ್ದವು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಸ್ಲಾವೊಯ್ಕಾ ಹೀಟರು, ಪಂಪು, ವೈರು ಎಲ್ಲ ಮುಟ್ಟಿ ನೋಡುತ್ತಿದ್ದಳು. ಎಲ್ಲೂ ತಪ್ಪು ಸಿಗಲಿಲ್ಲ. ಕಾಫಿ ಹಿಡಿದು ಬಂದ ಪರ್ಸಿದಾ ತೊಟ್ಟಿ ನೋಡಿ ತಟ್ಟೆಯನ್ನು ಅಲ್ಲೇ ಕುರ್ಚಿಯ ಮೇಲಿಟ್ಟರು.

"ಆ ನೀರು ಪೂರ್ತಿ ನಿಂದಲ್ಲ ಕಣಮ್ಮಾ. ಅರ್ಧ ನಾನು ಮಾಡಿದ್ದು."

ಇನ್ನೇನು ಸಿಡಿಲು ಬೀಳುತ್ತದೆಂದು ನಾನು ಗೋಡೆಗೆ ಒರಗಿ ನಿಂತೆ. ಸ್ಲಾವೊಯ್ಕಾಳ ಮುಖ ಕೆಂಪೇರಿತು. ಅತ್ತೆಯ ಕಡೆ ತಿರುಗದೆ ತೊಟ್ಟಿಯನ್ನೇ ನೋಡುತ್ತ ಕೇಳಿದಳು:

"ಏನೇನು ಹಾಕಿದ್ರಿ ಅಮ್ಮಾ?"

"ನಲ್ಲಿ ನೀರು. ಅಡುಗೆ ಉಪ್ಪು."

"ಬೆಳ್ಳುಳ್ಳಿ? ಮೂಲಂಗಿ?"

"ಇಲ್ಲಪ್ಪಾ, ನಂಗೇನು ಹುಚ್ಚೇ? ಅದು ಕೋಸಿಗೆ ಮಾತ್ರ."

"ಹಾಗಾದ್ರೆ ದೇವರು ದೊಡ್ಡವನು. ಯೆಲಿಸಾವಾ, ನಿನ್ನ ಉಗ್ರಾಣದ ಕ್ಯಾನುಗಳನ್ನ ತಾ. ಎಲ್ಲಾನೂ."

ಅಂಗಡಿಯ ಮುಂದೆ ಕಾಯುತ್ತಿದ್ದ ಗಿರಾಕಿಗಳಿಂದ ಫೋನು ಬಡಿದುಕೊಳ್ಳುತ್ತಲೇ ಇತ್ತು. ಆ ಭಾನುವಾರ ಬಾಗಿಲು ತೆಗೆಯುತ್ತೇನೆಂದು ಮಾತು ಕೊಟ್ಟಿದ್ದಳು. ಎತ್ತಿ ಇಷ್ಟೇ ಹೇಳಿದಳು: "ನಿಮ್ಮ ಟೈರಿಗೆ ನಾಳೆ ಅನ್ನೋದಿದೆ. ಇಲ್ಲಿ ಇಲ್ಲ. ಕ್ಷಮಿಸಿ."

ಡ್ರಮ್ಮು ತೊಳೆದು ಶೋಧಿಸಿದ ನೀರು ತುಂಬಿದೆವು. ನಾನು ಕ್ಯಾನು ಹೊತ್ತು ಒಂದೊಂದು ಮೆಟ್ಟಿಲಿಗೆ ನಿಲ್ಲುತ್ತಿದ್ದರೆ ಅವಳು ಎರಡು ಕೈಗೆ ಎರಡು ಹಿಡಿದು ನನ್ನನ್ನು ದಾಟಿ ಹೋಗುತ್ತಿದ್ದಳು. ನೀರು ಬೆಚ್ಚಗಾದ ಮೇಲೆ ಉಪ್ಪಿನ ಡಬ್ಬಿಯನ್ನು ಅತ್ತೆಯ ಮಡಿಲಿಗಿಟ್ಟಳು.

"ನೀವು ಉದುರಿಸಿ. ನಾನು ಹೇಳಿದಾಗ ಮಾತ್ರ."

ಪರ್ಸಿದಾ ಮೂಗೊರೆಸಿಕೊಂಡು ಹಿಡಿಹಿಡಿಯಾಗಿ ಉದುರಿಸಿದರು. ಒಂದೇ ಒಂದು ಸಲ "ರುಚಿ ನೋಡ್ಲಾ?" ಅಂದರು. ನಾವಿಬ್ಬರೂ ನಕ್ಕುಬಿಟ್ಟೆವು.

ನೀರಿಗೆ ಇಡೀ ದಿನ ತಿರುಗುವ ಪುರುಸೊತ್ತಿರಲಿಲ್ಲ. ಮಧ್ಯಾಹ್ನ ತಿಳಿಯಾದೊಡನೆ ಅಳೆದು, ತೊಟ್ಟಿಯ ಮೂರರಲ್ಲಿ ಒಂದು ಪಾಲು ನಿಧಾನವಾಗಿ ಬದಲಾಯಿಸಿದಳು. ಸೋಮವಾರ ಇನ್ನೊಂದು ಸಲ. ಮೀನುಗಳು ಬೇಗ ಚೇತರಿಸಿಕೊಂಡವು. ಹವಳಗಳು ಒಂದೊಂದಾಗಿ ಆ ವಾರವೆಲ್ಲ ಕಣ್ಣು ಬಿಟ್ಟವು. ಕಿರುಬೆರಳಿನಷ್ಟಿದ್ದಾಗ ತಂದು ಬೆಳೆಸಿದ್ದ ಹಸಿರು ಹವಳವೊಂದು ಮಾತ್ರ ಬೆಳ್ಳಗಾಗಿ ಸತ್ತಿತು. ಅದನ್ನು ತೆಗೆಯುವಾಗ ಅವಳು ಅತ್ತಳು. ಪರ್ಸಿದಾ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಹವಳದ ಉಪ್ಪು ತಿನ್ನುವುದಕ್ಕಲ್ಲವಾದ್ದರಿಂದ ಕೋಸನ್ನೆಲ್ಲ ಎಸೆಯಬೇಕಾಯಿತು. ಡಿಸೆಂಬರಿನ ಸ್ವೇತಿ ನಿಕೋಲಾ, ಅಂದರೆ ಸಂತ ನಿಕೋಲಾನ ದಿನ, ಪರ್ಸಿದಾರ ಮನೆತನದ ಹಬ್ಬ. ಅವತ್ತು ಹುಳಿ ಕೋಸಿನ ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸಿದ ಸರ್ಮಾ ಇಲ್ಲದೆ ಅತಿಥಿಗಳನ್ನು ಕರೆಯುವುದು ಹೇಗೆ? ಸುದ್ದಿ ತಿಳಿದು ನಮ್ಮ ಕಟ್ಟಡದ ಮನೆಮನೆಯಿಂದಲೂ ಹುಳಿ ಬಂದ ಒಂದೊಂದು ಕೋಸು ಬಂತು.

ಹಬ್ಬಕ್ಕೆ ಮುಂಚಿನ ದಿನ ಎಲೆ ಬಿಡಿಸುತ್ತ ಕೂತಾಗ ನಾನು ಸ್ಲಾವೊಯ್ಕಾಳ ಕಿವಿಯಲ್ಲಿ ಕೇಳಿದೆ: "ಅವತ್ತು ಒಂದು ಮಾತೂ ಬೈಲಿಲ್ವಲ್ಲೇ, ಹೇಗಾಯ್ತು ನಿನ್ನಿಂದ?"

"ಬಾಯಿತುದಿಗೆ ಬಂದಿತ್ತು. ಆದ್ರೆ ಅವರಾಗೇ ಹೇಳದೇ ಇದ್ದಿದ್ರೆ ನಾನು ಸಂಜೆವರೆಗೂ ವೈರ್ ಹುಡುಕ್ತಾ ಕೂತಿರ್ತಿದ್ದೆ. ಹೇಳಿದೋರನ್ನ ಹೇಗೆ ಬೈಯೋದು?"

ಹಬ್ಬದ ದಿನ ಅತಿಥಿಗಳು ತೊಟ್ಟಿಯ ಮುಂದೆ ನೆರೆದಿದ್ದರು. ಯಾರೋ "ಇದಕ್ಕೆ ಸಮುದ್ರದ ನೀರು ತರಿಸ್ತೀರಾ?" ಎಂದು ಕೇಳಿದರು. ಪರ್ಸಿದಾ ಸರ್ಮಾದ ಪಾತ್ರೆ ಹಿಡಿದುಕೊಂಡೇ ಉತ್ತರಿಸಿದರು:

"ತರಿಸೋದೇನು? ನನ್ನ ಸೊಸೆ ಮಾಡ್ತಾಳೆ. ಬಿಸಿ ಇದೆ, ದಾರಿ ಬಿಡಿ."