ಜೋಡಿ ಇಲ್ಲದ ಹಾಡು

ಪರಪ್ಪನಂಥ ಪುಕ್ಕಲನನ್ನು ನಾನು ಕಂಡಿಲ್ಲ. ಬೈಲಹೊಂಗಲದ ನಮ್ಮ ಆರ್ಕೆಸ್ಟ್ರಾದಲ್ಲಿ ಅವನದು ಎಲೆಕ್ಟ್ರಿಕ್ ಗಿಟಾರ್, ನನ್ನದು ಕಾಂಗೊ ಡ್ರಮ್ಮು. ಬೆಲ್‌ಬಾಟಮ್ ತೊಟ್ಟು, ಕಿವಿ ಮುಚ್ಚುವಷ್ಟು ಕೂದಲು ಬಿಟ್ಟು, ಗಣಪತಿ ಪೆಂಡಾಲಿನಲ್ಲಿ ಅವನು ತಂತಿ ಕಿರುಚಿಸಿದರೆ ಕಾಲೇಜು ಹುಡುಗರು ಕುರ್ಚಿ ಹತ್ತಿ ಕುಣಿಯುತ್ತಿದ್ದರು. ಅದೇ ಮನುಷ್ಯ ವೇದಿಕೆ ಇಳಿದ ಮೇಲೆ ನಾಯಿ ಬೊಗಳಿದರೂ ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದ. ದುಂಡಪ್ಪನಿಗೆ ದೇವರು ಅಷ್ಟು ಅಗಲ ಬೆನ್ನು ಕೊಟ್ಟದ್ದೇ ಅದಕ್ಕೆ ಎಂದು ಉಳಿದವರು ನನ್ನನ್ನೂ ಸೇರಿಸಿ ನಗುತ್ತಿದ್ದರು.

ಅವನ ಊರು ಎಲ್ಲಮ್ಮನ ಗುಡ್ಡದ ಬುಡದ ಉಗರಗೋಳ. ತಾಯಿ ಲಗಮವ್ವನನ್ನು ಸಣ್ಣವಳಿದ್ದಾಗಲೇ ಮುತ್ತು ಕಟ್ಟಿ ದೇವಿಗೆ ಬಿಟ್ಟಿದ್ದರು. ಅಪ್ಪನ ಹೆಸರೇನು ಎಂದು ಕೇಳಿದರೆ ಪರಪ್ಪ ತಾಯಿಯ ಹೆಸರನ್ನೇ ಹೇಳುತ್ತಿದ್ದ. ಲಗಮವ್ವ ಕಂಕುಳಲ್ಲಿ ಚೌಡಿಕೆ ಇಟ್ಟುಕೊಂಡು, ಅದರ ಒಂದೇ ತಂತಿಯನ್ನು ಬಿಗಿಸಿ ಸಡಿಲಿಸಿ ಬಾರಿಸುತ್ತ, ಮನೆಮನೆಯ ಮುಂದೆ ದೇವಿಯ ಪದ ಹಾಡಿದವಳು. ಪಕ್ಕದಲ್ಲಿ ನಿಂತು ಸಾಲಿನ ಕೊನೆಗೆ ‘ಉಧೋ’ ಎಂದು ಓಗೊಡುವ ಕೆಲಸ ಪರಪ್ಪನದು. ಆ ಪದಗಳನ್ನು ಒಬ್ಬರೇ ಹಾಡಬಾರದು, ಹಾಡಿದರೆ ದೇವಿ ಆ ಮನೆಯಿಂದಲೇ ಒಂದು ಜೋಡಿ ಕೇಳುತ್ತಾಳೆ ಎಂದು ಅವರ ಮನೆಯ ನಂಬಿಕೆ.

ಬೆಳಗಾವಿಯ ದಂಡಿನ ಕ್ಯಾಂಪಿನಲ್ಲಿ ಅವನಿಗೆ ಗಿಟಾರ್ ಕಲಿಸಿದ ಗೋವಾದ ಮಾಸ್ತರು ಒಮ್ಮೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಅಮೆರಿಕದ ಕರಿಯ ಜನರ ಬ್ಲೂಸ್, ಸೋಲ್ ಹಾಡುಗಳ ಗ್ರಾಮಫೋನ್ ಪ್ಲೇಟು ಹಾಕಿದರು. ಯಾರೋ ಮುದುಕ ತಂತಿಯ ಮೇಲೆ ಬಾಟಲಿಯ ಕುತ್ತಿಗೆ ಜಾರಿಸುತ್ತ ನರಳುತ್ತಿದ್ದ. ಹೊಟ್ಟೆನೋವು ಬಂದವನ ಹಾಗೆ ಹಾಡುತ್ತಾನಲ್ಲ ಎಂದು ನಾನು ಅಂದೆ. ಪರಪ್ಪನ ಕಣ್ಣು ತುಂಬಿತ್ತು. ಸಾಲು ಮುಗಿದ ಕೂಡಲೇ ಗಿಟಾರ್ ಓಗೊಡುತ್ತದೆ ನೋಡು, ಇದು ನಮ್ಮವ್ವನ ಹಾಡೇ ಎಂದ. ಅವತ್ತಿನಿಂದ ಅವನಿಗೆ ಒಂದೇ ಹುಚ್ಚು. ಚೌಡಿಕೆಯ ಧಾಟಿಯನ್ನು ಗಿಟಾರಿನಲ್ಲಿ ಹಿಡಿದು, ತಾನೊಬ್ಬನೇ ಹಾಡಿ ಒಂದು ಪ್ಲೇಟು ತರಬೇಕು.

ಎಪ್ಪತ್ತೈದರ ಮಳೆಗಾಲದಲ್ಲಿ ಮುಂಬಯಿಯ ಸಣ್ಣ ಕಂಪನಿಯೊಂದು ಒಪ್ಪಿತು. ಹೆಂಡತಿ ತೀರಿಕೊಂಡ ಮೇಲೆ ಮಗಳು ಕಾಡವ್ವನ ತಲೆಗೆ ಎಣ್ಣೆ ಹಚ್ಚಿ ಬಾಚುವವನು ಪರಪ್ಪನೇ. ಆ ಕೆಲಸವನ್ನು ತಾಯಿಗೆ ಒಪ್ಪಿಸಿ ಹೋದ. ಅಲ್ಲಿ ರೆಕಾರ್ಡಿಂಗು ಇವತ್ತು ನಾಳೆ ಎಂದು ಮುಂದಕ್ಕೆ ಹೋಯಿತು, ಇಲ್ಲಿ ಲಗಮವ್ವ ಜ್ವರ ಹತ್ತಿ ಮಲಗಿದಳು. ಹುಡುಗಿಯ ತಲೆಯನ್ನು ಕೇಳುವವರಿಲ್ಲ. ನಾಲ್ಕೈದು ತಿಂಗಳ ಮೇಲೆ ಪರಪ್ಪ ಪ್ಲೇಟು ಹಿಡಿದುಕೊಂಡು ಬಂದಾಗ ಕಾಡವ್ವನ ಹಿಂದಲೆಯ ಕೂದಲು ಸಿಕ್ಕುಗಟ್ಟಿ ಹಗ್ಗವಾಗಿತ್ತು.

ಆ ಕೇರಿಯಲ್ಲಿ ಅದನ್ನು ಸಿಕ್ಕು ಎನ್ನುವುದಿಲ್ಲ, ಜಡೆ ಬಂತು ಎನ್ನುತ್ತಾರೆ. ಜಡೆ ಬಂದರೆ ದೇವಿ ಕರೆದಳೆಂದು ಅರ್ಥ. ಹುಡುಗಿಗೆ ಮುತ್ತು ಕಟ್ಟಬೇಕು. ಮುಂದೆ ಅವಳಿಗೆ ಮದುವೆಯಿಲ್ಲ, ಯಾವ ಗಂಡಸು ಬಂದು ಕದ ಬಡಿದರೂ ತೆರೆಯಬೇಕು. ಹಿರಿಯ ಜೋಗತಿ ದೇವಕ್ಕ ಬಂದು ಆ ಗಂಟಿಗೆ ದೇವಿಯ ಅರಿಸಿನದ ಭಂಡಾರ ಹಚ್ಚಿ ಕೈಮುಗಿದಳು.

“ನೀ ಒಬ್ಬನಽ ಹಾಡಿ ಬಂದಿ. ತಾಯಿ ಜೋಡಿ ಕೇಳಾಕ ಹತ್ತ್ಯಾಳ,” ಎಂದಳು.

ಗಿಟಾರಿನಿಂದ ಓಗೊಡಿಸಬೇಕೆಂದಿದ್ದೆ, ಆ ಜಾಗ ಬಂದಾಗ ಕೈಯೇ ನಿಂತುಬಿಟ್ಟಿತು ಎಂದು ಪರಪ್ಪ ತೊದಲಿದ. ದೇವಕ್ಕನಿಗೆ ಅಷ್ಟೇ ಸಾಕಾಯಿತು. ಮಾಘದ ಭಾರತ ಹುಣ್ಣಿಮೆಗೆ ಮುತ್ತು ಕಟ್ಟುವುದೆಂದು ನಿಶ್ಚಯ ಮಾಡಿ ಎದ್ದಳು.

ಸುದ್ದಿ ತಿಳಿದು ಉಗರಗೋಳಕ್ಕೆ ಓಡಿದ ನನಗೆ ತಲೆ ಕೆಟ್ಟಿತು. ಕತ್ತರಿಸಿ ಒಗಿ ಅದನ್ನ ಎಂದು ಪರಪ್ಪನಿಗೆ ಬೈದೆ. ಜಡೆಗೆ ಕತ್ತರಿ ಹಾಕಿದವರು ರಕ್ತ ಕಾರಿ ಸಾಯುತ್ತಾರೆ ಎಂದು ಅವನು ಪಿಸುಗುಟ್ಟಿದ. ಕ್ಷೌರದವನೂ ಒಲ್ಲೆ ಎಂದಿದ್ದನಂತೆ. ಹಾಗಾದರೆ ನಾನೇ ಕತ್ತರಿಸುತ್ತೇನೆ ಎಂದು ಗಂಡಸುತನ ತೋರಿಸಲು ಎದ್ದೆ. ಹತ್ತಿರ ಹೋಗಿ ಆ ಹಳದಿ ಮೆತ್ತಿದ ಗಂಟನ್ನು ಕಂಡದ್ದೇ ನೀರು ಕುಡಿದು ಬರುತ್ತೇನೆ ಎಂದು ಹಿಂದೆ ಸರಿದೆ. ಕುಡಿದು ಬಂದು ಮೂಲೆ ಹಿಡಿದು ಕುಳಿತೆ.

ಹುಡುಗಿಗೆ ಎಲ್ಲ ಗೊತ್ತಿತ್ತು. ಅಂಗಳದಲ್ಲಿ ಯಾರ ಚಪ್ಪಲಿಯ ಸಪ್ಪಳ ಕೇಳಿದರೂ ತಲೆಗೆ ಟಾವೆಲು ಸುತ್ತಿಕೊಂಡು ಜೋಳದ ಚೀಲಗಳ ಹಿಂದೆ ಸೇರುತ್ತಿದ್ದಳು. ಹುಣ್ಣಿಮೆ ಹತ್ತಿರ ಬಂದಂತೆ ಊಟಕ್ಕೆ ಕರೆದರೂ ಅಲ್ಲಿಂದ ಬರಲೊಲ್ಲಳು.

ನಾಳೆ ಹುಣ್ಣಿಮೆ ಎನ್ನುವಾಗ, ಜ್ವರ ಬಿಟ್ಟು ಎದ್ದು ಕೂತಿದ್ದ ಲಗಮವ್ವ ನನಗೆ ಹೇಳಿಕಳಿಸಿದಳು. ತನ್ನ ಮಗ ಅಂಥಾದ್ದೇನು ಹಾಡಿದ್ದಾನೋ ಒಮ್ಮೆ ಕೇಳಬೇಕಂತೆ. ಅಲ್ಲಿಯತನಕ ಆ ಮನೆಯಲ್ಲಿ ಪ್ಲೇಟು ಮುಟ್ಟುವ ಧೈರ್ಯ ಯಾರಿಗೂ ಆಗಿರಲಿಲ್ಲ. ಬೈಲಹೊಂಗಲದಿಂದ ಬ್ಯಾಟರಿ ಪ್ಲೇಯರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಮಧ್ಯಾಹ್ನ ಪಡಸಾಲೆಯಲ್ಲಿ ಪ್ಲೇಟು ಹಾಕಿದೆವು. ದೇವಕ್ಕ ಬಾಗಿಲಲ್ಲಿ ಬಂದು ನಿಂತಿದ್ದಳು.

ಗಿಟಾರ್ ನರಳಿತು. ಪರಪ್ಪನ ದನಿ ತಾಯೀ ಎಂದು ಎಳೆದು ಕರೆದು ನಿಂತಿತು. ‘ಉಧೋ’ ಬರಬೇಕಾದ ಜಾಗದಲ್ಲಿ ಏನೂ ಇಲ್ಲ, ಸೂಜಿಯ ಕೊರಕೊರ ಸಪ್ಪಳ ಅಷ್ಟೇ. ಪರಪ್ಪ ಎರಡೂ ಕಿವಿ ಮುಚ್ಚಿಕೊಂಡ. ಎರಡನೆಯ ಸಾಲು ಮುಗಿಯಿತು.

“ಉಧೋ,” ಎಂದಳು ಲಗಮವ್ವ, ಕಣ್ಣು ಮುಚ್ಚಿಕೊಂಡೇ.

ಮೂರನೆಯ ಸಾಲಿಗೂ ಓಗೊಟ್ಟಳು, ಅಲ್ಲಿಂದ ಪ್ಲೇಟು ಮುಗಿಯುವ ತನಕ ಒಂದು ಸಾಲನ್ನೂ ಬಿಡಲಿಲ್ಲ. ಆಮೇಲೆ ಜೋಳದ ಚೀಲಗಳ ಹಿಂದೆ ಕೈ ಹಾಕಿ ಮೊಮ್ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, ಮಗನಿಗೆ ಕತ್ತರಿ ತಾ ಎಂದಳು.

“ನಾ ಓಗೊಟ್ಟೇನಿ, ಜೋಡಿ ಆತು. ಇನ್ನ ಕೂಸಿನ್ನ ಯಾಕ ಕೇಳ್ತಾಳ?”

“ಯವ್ವಾ, ನಿನಗೇನರ ಆದರ?” ಪರಪ್ಪ ಅಳುತ್ತಿದ್ದ.

“ಆಗೂದಿದ್ರ ನನಗ ಆಗಲಿ. ನನ್ನ ಕೊಳ್ಳಾಗಿನ ಮುತ್ತು ಆಕಿ ಕೊಳ್ಳಾಗ ಬ್ಯಾಡ.”

ಗಂಟು ಮುದುಕಿಯ ಕತ್ತರಿಗೆ ಒಂದೇ ಸಲಕ್ಕೆ ಸಿಗಲಿಲ್ಲ. ಕಾಡವ್ವ ಅಪ್ಪನ ಕೈ ಕಚ್ಚಿ ಹಿಡಿದಿದ್ದಳು. ನಾನು ನೋಡುತ್ತಿದ್ದದ್ದು ಮುದುಕಿಯ ಬಾಯಿಯನ್ನು. ಕೊನೆಯ ಎಳೆ ಕತ್ತರಿಸಿದ ಕೂಡಲೇ ಅವಳು ಕೆಮ್ಮಿದಳು. ನಾವೆಲ್ಲ ದಡಕ್ಕನೆ ಎದ್ದೆವು, ದೇವಕ್ಕ ಹೊಸ್ತಿಲು ಬಿಟ್ಟು ಓಡಿದಳು. ಮುದುಕಿ ಬಾಯಿ ಒರೆಸಿಕೊಂಡಳು, ಸೆರಗಿಗೆ ಹತ್ತಿದ್ದು ಜಡೆಯಿಂದ ಉದುರಿದ ಭಂಡಾರದ ಪುಡಿ.

ಆ ಪ್ಲೇಟನ್ನು ಕೇಳಿದವರು ಹೆಚ್ಚಿಲ್ಲ, ಕಂಪನಿಯೂ ಮುಚ್ಚಿತು. ಪರಪ್ಪ ನಮ್ಮ ಆರ್ಕೆಸ್ಟ್ರಾದಲ್ಲೇ ಇದ್ದಾನೆ, ನಾಯಿಗೆ ಈಗಲೂ ಅಂಜುತ್ತಾನೆ. ಕಾಡವ್ವ ಎರಡು ಹೆರಳು ಹಾಕಿಕೊಂಡು ಸಾಲೆಗೆ ಹೋಗುತ್ತಾಳೆ. ದಿನಾ ಬೆಳಿಗ್ಗೆ ಲಗಮವ್ವನೇ ಎಣ್ಣೆ ಸುರಿದು ಬಾಚುತ್ತಾಳೆ. ಹಣಿಗೆ ಎಲ್ಲಾದರೂ ತಡೆದು ನಿಂತರೆ ಅಜ್ಜಿ, ಮಗ, ಮೊಮ್ಮಗಳು ಮೂವರೂ ಉಸಿರು ಬಿಗಿಹಿಡಿಯುತ್ತಾರೆ. ಮುದುಕಿ ಎಳೆ ಎಳೆ ಬಿಡಿಸುತ್ತಾಳೆ. ಹಣಿಗೆ ನೆತ್ತಿಯಿಂದ ತುದಿಯವರೆಗೆ ಸಲೀಸಾಗಿ ಇಳಿದ ಮೇಲೆಯೇ ಅವಳ ಬಾಯಿಂದ ಮಾತು ಹೊರಡುವುದು.

“ಏನಿಲ್ಲವಾ, ಬರೇ ಸಿಕ್ಕು.”